ಹನ್ನೆರಡು ಕಾರ್ಡ್‌ಗಳು, ಒಂದು ಇಮೇಜ್

ನಮ್ಮ ತಾಲ್ಲೂಕಿನ ಪ್ರೌಢಶಾಲೆಯೊಂದರ ಕಂಪ್ಯೂಟರ್ ಕೊಠಡಿಗೆ ಹನ್ನೆರಡು ರಾಸ್ಪ್‌ಬೆರಿ ಪೈ 4 ಬೋರ್ಡ್‌ಗಳು, ಅಂದರೆ ಒಂದೇ ಹಲಗೆಯ ಪುಟ್ಟ ಕಂಪ್ಯೂಟರ್‌ಗಳು ಬಂದಾಗ, ಅವನ್ನು ಸಜ್ಜುಗೊಳಿಸಿಕೊಡುವ ಕೆಲಸವನ್ನು ನಾನು ಒಪ್ಪಿಕೊಂಡೆ. ಈ ಬೋರ್ಡ್‌ಗಳಲ್ಲಿ ಹಾರ್ಡ್ ಡಿಸ್ಕ್ ಇರುವುದಿಲ್ಲ. ಆಪರೇಟಿಂಗ್ ಸಿಸ್ಟಂ ಸಾಮಾನ್ಯವಾಗಿ ಬೆರಳಿನ ಉಗುರಿನಷ್ಟು ಗಾತ್ರದ ಮೈಕ್ರೊ ಎಸ್‌ಡಿ ಕಾರ್ಡಿನಲ್ಲಿರುತ್ತದೆ. ಒಂದು ಕಾರ್ಡಿನಲ್ಲಿ ಕನ್ನಡ ಫಾಂಟ್, ಕೀಲಿಮಣೆ ವಿನ್ಯಾಸ, ಸ್ಕ್ರ್ಯಾಚ್, ಪೈಥಾನ್ ಎಲ್ಲವನ್ನೂ ಹೊಂದಿಸಿ, ಇಡೀ ಕಾರ್ಡನ್ನು ಒಂದು ಇಮೇಜ್ ಫೈಲಾಗಿ, ಅಂದರೆ ಬೈಟು ಬೈಟಿನ ಯಥಾವತ್ ನಕಲಾಗಿ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಉಳಿದ ಹನ್ನೊಂದಕ್ಕೂ ಅದನ್ನೇ ಬರೆದರೆ ಒಂದು ಭಾನುವಾರದಲ್ಲಿ ಕೆಲಸ ಮುಗಿಯುತ್ತದೆ ಎಂದು ಲೆಕ್ಕ ಹಾಕಿದ್ದೆ. ಹಿಡಿದದ್ದು ಪೂರ್ತಿ ಒಂದು ವಾರ.

ಮೊದಲ ತೊಡಕು ಅಳತೆಯದಾಗಿತ್ತು. ಎರಡನೆಯ ಕಾರ್ಡಿಗೆ ಬರೆಯುವಾಗ ಶೇಕಡಾ 98ರ ಸುಮಾರಿಗೆ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂಬ ದೋಷ ಬಂದು ಕೆಲಸ ನಿಂತಿತು. ಎರಡು ಕಾರ್ಡ್‌ಗಳ ಮೇಲೂ 32 ಜಿಬಿ ಎಂದೇ ಅಚ್ಚಾಗಿತ್ತು. ಬೈಟುಗಳನ್ನು ಎಣಿಸಿ ನೋಡಿದಾಗ ಮೂಲ ಕಾರ್ಡಿನಲ್ಲಿ 31,91,49,83,424 ಬೈಟುಗಳೂ ಹೊಸದರಲ್ಲಿ 31,26,85,36,320 ಬೈಟುಗಳೂ ಇದ್ದವು. ಅಂದರೆ ಅರವತ್ನಾಲ್ಕು ಕೋಟಿಗೂ ಹೆಚ್ಚು ಬೈಟುಗಳ ಕೊರತೆ. ಒಂದೇ ಗಾತ್ರದ ಹೆಸರಿನಲ್ಲಿ ಮಾರುವ ಕಾರ್ಡ್‌ಗಳು ತಯಾರಕರಿಂದ ತಯಾರಕರಿಗೆ ಹೀಗೆ ಅಷ್ಟಿಷ್ಟು ವ್ಯತ್ಯಾಸವಾಗುವುದು ದೋಷವೇನಲ್ಲ. ಖಾಲಿ ಜಾಗವನ್ನೂ ಸೇರಿಸಿ ಇಡೀ ಕಾರ್ಡಿನ ನಕಲು ತೆಗೆದದ್ದು ನನ್ನ ತಪ್ಪು. ‘ಪೈಶ್ರಿಂಕ್’ ಎಂಬ ಸ್ಕ್ರಿಪ್ಟಿನಿಂದ ಇಮೇಜನ್ನು ಕುಗ್ಗಿಸಿದಾಗ ಅದು ಸುಮಾರು 6 ಜಿಬಿಗೆ ಇಳಿಯಿತು. ಮೊದಲ ಸಲ ಪೈ ಚಾಲೂ ಆದಾಗ, ಕಾರ್ಡಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಯಾದ ಫೈಲ್ ಸಿಸ್ಟಂ ತಾನಾಗಿಯೇ ಹಿಗ್ಗಿ ಕಾರ್ಡಿನ ಪೂರ್ತಿ ಜಾಗವನ್ನು ಆಕ್ರಮಿಸಿಕೊಳ್ಳುತ್ತದೆ.

ಅದೇ ದೋಷ ಮರುದಿನ ಬೇರೊಂದು ವೇಷದಲ್ಲಿ ಬಂದಿತು. ಇಮೇಜನ್ನು ಬರೆಯಲು ನಾನು ಲಿನಕ್ಸಿನ ‘ಡಿಡಿ’ ಎಂಬ ನಕಲು ಆದೇಶವನ್ನು ಬಳಸುತ್ತಿದ್ದೆ. ಕಾರ್ಡ್ ರೀಡರ್ ‘ಎಸ್‌ಡಿಬಿ’ ಎಂಬ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತಿತ್ತು. ಊಟ ಮುಗಿಸಿ ಬಂದು, ಹಿಂದಿನ ಆದೇಶವನ್ನೇ ಮತ್ತೆ ಕರೆದು ಎಂಟರ್ ಒತ್ತಿದೆ. ನಡುವಿನಲ್ಲೇ ಜಾಗವಿಲ್ಲವೆಂಬ ದೂರು. ಮೇಜಿನ ಮೇಲೆ ನೋಡಿದರೆ ರೀಡರ್ ಲ್ಯಾಪ್‌ಟಾಪಿನಿಂದ ಹೊರಗಿತ್ತು! ಸಾಧನವೇ ಇಲ್ಲದಿದ್ದುದರಿಂದ ‘ಡಿಡಿ’ ಅದೇ ಹೆಸರಿನ ಒಂದು ಸಾಮಾನ್ಯ ಫೈಲನ್ನು ಸೃಷ್ಟಿಸಿ, ಲ್ಯಾಪ್‌ಟಾಪಿನ ರ‍್ಯಾಮಿನಲ್ಲೇ ಬರೆಯುತ್ತ ಹೋಗಿತ್ತು. ‘ಎಲ್‌ಎಸ್’ ಆದೇಶದ ವಿವರಪಟ್ಟಿಯಲ್ಲಿ ನಿಜವಾದ ಸಾಧನದ ಸಾಲು ‘ಬಿ’ ಅಕ್ಷರದಿಂದ ಆರಂಭವಾಗುತ್ತದೆ, ಸಾಮಾನ್ಯ ಫೈಲಿನದು ಅಡ್ಡಗೆರೆಯಿಂದ. ಅಲ್ಲಿದ್ದುದು ಅಡ್ಡಗೆರೆ. ಆ ಫೈಲನ್ನು ಅಳಿಸಿ, ಅಂದಿನಿಂದ ಪ್ರತಿ ಸಲವೂ ಬರೆಯುವ ಮುನ್ನ ‘ಎಲ್‌ಎಸ್‌ಬಿಎಲ್‌ಕೆ’ ಆದೇಶ ಕೊಟ್ಟು ಸಾಧನದ ಹೆಸರನ್ನೂ ಗಾತ್ರವನ್ನೂ ಕಣ್ಣಾರೆ ನೋಡುವುದನ್ನು ರೂಢಿಸಿಕೊಂಡೆ. ಹೆಸರು ಒಂದಕ್ಷರ ತಪ್ಪಿದರೂ ‘ಡಿಡಿ’ ಏನನ್ನೂ ಕೇಳದೆ ಲ್ಯಾಪ್‌ಟಾಪಿನ ಡಿಸ್ಕನ್ನೇ ಅಳಿಸಿಹಾಕಬಲ್ಲದು ಎಂಬುದನ್ನು ನೆನೆದರೆ, ನನಗಾದದ್ದು ಅಗ್ಗದ ಪಾಠ.

ಹೆಚ್ಚು ಹೊತ್ತು ತಿಂದದ್ದು ತಾಳೆ ನೋಡುವ ಕೆಲಸ. ಬಲೇನಾಎಚರ್, ರಾಸ್ಪ್‌ಬೆರಿ ಪೈ ಇಮೇಜರ್ ಮುಂತಾದ ತಂತ್ರಾಂಶಗಳು ಬರೆದ ಮೇಲೆ ತಾವೇ ಕಾರ್ಡನ್ನು ಮರಳಿ ಓದಿ ಪರೀಕ್ಷಿಸುತ್ತವೆ. ‘ಡಿಡಿ’ ಹಾಗೆ ಮಾಡುವುದಿಲ್ಲ. ಆದ್ದರಿಂದ ಪ್ರತಿ ಕಾರ್ಡನ್ನೂ ತೆಗೆದು, ಮತ್ತೆ ಸೇರಿಸಿ, ‘ಸಿಎಂಪಿ’ ಆದೇಶದಿಂದ ಇಮೇಜಿನೊಡನೆ ಬೈಟು ಬೈಟಾಗಿ ಹೋಲಿಸುತ್ತಿದ್ದೆ. ಮೊದಲ ನಾಲ್ಕು ಕಾರ್ಡ್‌ಗಳಲ್ಲಿಯೂ ವ್ಯತ್ಯಾಸವಿದೆ ಎಂಬ ಉತ್ತರವೇ ಬಂದಿತು. ನಾಲ್ಕೂ ಕೆಟ್ಟಿವೆ ಎಂದು ಪಕ್ಕಕ್ಕಿಡುವವನಿದ್ದೆ. ಆಗ ಪರದೆಯ ಮೇಲಿನ ಅಂಕಿಯ ಕಡೆ ಗಮನ ಹೋಯಿತು. ನಾಲ್ಕರಲ್ಲೂ ವ್ಯತ್ಯಾಸ ಕಂಡದ್ದು 41,94,370ನೆಯ ಬೈಟಿನಲ್ಲಿ. ಬೇರೆ ಬೇರೆ ಕಾರ್ಡ್‌ಗಳು ಒಂದೇ ಬೈಟಿನಲ್ಲಿ ಕೆಡುವುದು ಬಹುತೇಕ ಅಸಾಧ್ಯ. ನನ್ನ ಇಮೇಜಿನಲ್ಲಿ ಬೂಟ್ ಪಾರ್ಟಿಷನ್, ಅಂದರೆ ಪೈ ಚಾಲೂ ಆಗಲು ಬೇಕಾದ ಫೈಲುಗಳಿರುವ ವಿಭಾಗ, ಆರಂಭವಾಗುವುದು 8192ನೆಯ ಸೆಕ್ಟರಿನಿಂದ (ಒಂದು ಸೆಕ್ಟರಿಗೆ 512 ಬೈಟು), ಅಂದರೆ 41,94,304 ಬೈಟುಗಳಾದ ಮೇಲೆ. ಅಲ್ಲಿಂದ ಅರವತ್ತಾರನೆಯ ಬೈಟು, ಆ ವಿಭಾಗದ ಫೈಲ್ ಸಿಸ್ಟಂ ಆದ ಫ್ಯಾಟ್32ರಲ್ಲಿ ‘ಈ ಪಾರ್ಟಿಷನ್ ಬಳಕೆಯಲ್ಲಿದೆ’ ಎಂಬ ಗುರುತನ್ನು ಇಡುವ ಜಾಗ. ಕಾರ್ಡನ್ನು ಮತ್ತೆ ಸೇರಿಸಿದ ಕೂಡಲೇ ಲ್ಯಾಪ್‌ಟಾಪಿನಲ್ಲಿದ್ದ ಉಬುಂಟು ಲಿನಕ್ಸ್ ಅದನ್ನು ತಾನಾಗಿಯೇ ಮೌಂಟ್ ಮಾಡಿ (ಬಳಕೆಗೆ ತೆರೆದು), ಆ ಗುರುತನ್ನು ಹಾಕುತ್ತಿತ್ತು. ಕಾರ್ಡ್ ಸರಿಯಾಗಿಯೇ ಇತ್ತು. ನಾನು ಹೋಲಿಸುವ ಮೊದಲೇ ಲ್ಯಾಪ್‌ಟಾಪ್ ಅದನ್ನು ಮುಟ್ಟಿತ್ತು. ತಾನಾಗಿ ಮೌಂಟ್ ಆಗುವುದನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿ ಹೊಸದಾಗಿ ಬರೆದಾಗ ನಾಲ್ಕೂ ತಾಳೆಯಾದವು.

ಇದಾದ ಮೇಲೆ ದೋಷ ಬಂದಾಗಲೆಲ್ಲ ಅದು ಬಂದ ಸ್ಥಾನವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದೆ. ಏಳನೆಯ ಕಾರ್ಡ್ ಒಮ್ಮೆ 1.2 ಜಿಬಿಯಲ್ಲಿ, ಇನ್ನೊಮ್ಮೆ 3.8 ಜಿಬಿಯಲ್ಲಿ ‘ಇನ್‌ಪುಟ್/ಔಟ್‌ಪುಟ್ ಎರರ್’ ತೋರಿಸಿ ನಿಂತಿತು. ಕಾರ್ಡಿನ ಕೋಶಗಳೇ ಕೆಟ್ಟಿದ್ದರೆ ದೋಷ ಮತ್ತೆ ಮತ್ತೆ ಒಂದೇ ಎಡೆಯಲ್ಲಿ ಬರುವ ಸಾಧ್ಯತೆ ಹೆಚ್ಚು. ಅದು ಅಲೆದಾಡುತ್ತಿದ್ದರೆ ಲ್ಯಾಪ್‌ಟಾಪಿನಿಂದ ಕಾರ್ಡಿನವರೆಗಿನ ದಾರಿಯನ್ನು ಶಂಕಿಸಬೇಕು. ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ದಾಖಲಿಸಿದ ಸಂದೇಶಗಳನ್ನು ತೆರೆದು ನೋಡಿದಾಗ ದೋಷಕ್ಕೆ ಸ್ವಲ್ಪ ಮುಂಚೆ ಯುಎಸ್‌ಬಿ ಸಾಧನ ‘ರೀಸೆಟ್’ ಆದ ಸಾಲುಗಳು ಸಾಲುಸಾಲಾಗಿ ಕಂಡವು. ರೀಡರನ್ನು ಯುಎಸ್‌ಬಿ ಹಬ್ಬಿನಿಂದ ಕಿತ್ತು ನೇರವಾಗಿ ಲ್ಯಾಪ್‌ಟಾಪಿಗೆ ಚುಚ್ಚಿದಾಗ ಸ್ವಲ್ಪ ಸುಧಾರಿಸಿತು, ಪೂರ್ತಿ ಅಲ್ಲ. ಮುಟ್ಟಿ ನೋಡಿದರೆ ರೀಡರ್ ಸುಡುತ್ತಿತ್ತು. ಬೇರೆ ರೀಡರ್ ತಂದ ಮೇಲೆ ಅದೇ ಕಾರ್ಡ್ ಒಂದೇ ಪ್ರಯತ್ನದಲ್ಲಿ ಬರೆಯಿತು.

ಇನ್ನೊಂದು ಕಾರ್ಡನ್ನು ಶಾಲೆಯ ಶಿಕ್ಷಕರೊಬ್ಬರು ಕುತೂಹಲದಿಂದ ವಿಂಡೋಸ್ ಕಂಪ್ಯೂಟರಿಗೆ ಹಾಕಿದರು. ಲಿನಕ್ಸಿನ ಪಾರ್ಟಿಷನ್ ಅರ್ಥವಾಗದೆ ವಿಂಡೋಸ್ ‘ಫಾರ್ಮ್ಯಾಟ್ ಮಾಡಬೇಕೆ?’ ಎಂದು ಕೇಳಿತು, ಅವರು ಹೌದೆಂದರು. ಅದನ್ನು ಮತ್ತೆ ಬರೆದುಕೊಟ್ಟೆ.

ಎಲ್ಲ ಹನ್ನೆರಡೂ ತಾಳೆಯಾಗಿ, ಶಾಲೆಯಲ್ಲಿ ಚಾಲೂ ಆದವು. ನಾಲ್ಕು ದಿನಗಳ ನಂತರ ಹತ್ತನೆಯ ಸಂಖ್ಯೆಯ ಪೈ ಏಳಲಿಲ್ಲ. ಮತ್ತೆ ಬರೆದೆ, ತಾಳೆಯಾಯಿತು, ಎರಡು ದಿನ ನಡೆದು ಮತ್ತೆ ಮಲಗಿತು. ಅದರಲ್ಲಿದ್ದುದು ನಮ್ಮೂರಿನ ಅಂಗಡಿಯೊಂದರಲ್ಲಿ ಕೊರತೆ ತುಂಬಲು ಕೊಂಡ ಕಾರ್ಡ್. ಎಫ್3 ಎಂಬ ತಂತ್ರಾಂಶ ಕಾರ್ಡಿನ ಖಾಲಿ ಜಾಗವನ್ನೆಲ್ಲ ತುಂಬಿಸಿ ಮರಳಿ ಓದುತ್ತದೆ. ಅದರ ಫಲಿತಾಂಶದಲ್ಲಿ ಸುಮಾರು 7.4 ಜಿಬಿ ಸರಿ, ಉಳಿದ 21 ಜಿಬಿಗೂ ಹೆಚ್ಚಿನ ದತ್ತಾಂಶ ನಷ್ಟ ಎಂದು ಬಂದಿತು. 8 ಜಿಬಿಯ ಕಾರ್ಡಿನ ಕಂಟ್ರೋಲರಿಗೆ, ಅಂದರೆ ಕಾರ್ಡನ್ನು ನಿಯಂತ್ರಿಸುವ ಚಿಪ್ಪಿಗೆ, 32 ಎಂದು ಸುಳ್ಳು ಹೇಳಲು ಕಲಿಸಿದ್ದರು. ನನ್ನ ಇಮೇಜ್ 6 ಜಿಬಿಯಷ್ಟೇ ಇದ್ದುದರಿಂದ ಅದು ನಿಜವಾದ ಜಾಗದಲ್ಲೇ ಕುಳಿತು ತಾಳೆಯಾಗುತ್ತಿತ್ತು. ಫೈಲ್ ಸಿಸ್ಟಂ ಹಿಗ್ಗಿ ಇಲ್ಲದ ಜಾಗಕ್ಕೆ ಕಾಲಿಟ್ಟಾಗ ಕೆಡುತ್ತಿತ್ತು. ಇಮೇಜನ್ನು ಕುಗ್ಗಿಸಿ ಒಂದು ತೊಂದರೆಯನ್ನು ಪರಿಹರಿಸಿದವನು ಈ ಮೋಸವನ್ನು ನಾನೇ ಮರೆಮಾಡಿಕೊಂಡಿದ್ದೆ.

ಅಂಗಡಿಗೆ ಲ್ಯಾಪ್‌ಟಾಪ್ ಸಮೇತ ಹೋದೆ. “ಮೊಬೈಲಿಗೆ ಹಾಕಿ ನೋಡಿ ಸಾರ್, ಫೋಟೊ ಎಲ್ಲ ಚೆನ್ನಾಗೇ ಬರ್ತವೆ” ಎಂದರು ಮಾಲೀಕರು. ಅವರ ಮಾತು ಸುಳ್ಳೇನಲ್ಲ, ಏಳು ಜಿಬಿ ತುಂಬುವವರೆಗೆ ಬರುತ್ತವೆ. ಫಲಿತಾಂಶದ ಸಾಲುಗಳನ್ನು ತೋರಿಸಿದಾಗ ಅವರು ಸುಮ್ಮನೆ ಹಣ ಮರಳಿಸಿ, ಡಬ್ಬಿಯಲ್ಲಿ ಉಳಿದಿದ್ದ ಇನ್ನೆರಡು ಕಾರ್ಡ್‌ಗಳನ್ನು ನನ್ನ ಮುಂದಿಟ್ಟು, “ಇವನ್ನೂ ಒಂದ್ಸಲ ನೋಡ್ಬಿಡಿ ಸಾರ್” ಎಂದರು. ಎರಡೂ ಅಂಥವೇ ಆಗಿದ್ದವು.