ಫೋಟಾನಿಕ್ಸ್ ಎಂಜಿನಿಯರ್ ಆಗಬೇಕೆಂದರೆ: ಒಂದು ಧೂಳಿನ ಕಣದಿಂದ ಶುರು

ಫೋಟಾನಿಕ್ಸ್ ಅಂದರೆ ಬೆಳಕಿನಿಂದ ಕೆಲಸ ಮಾಡಿಸುವ ತಂತ್ರಜ್ಞಾನ. ಎಂ.ಟೆಕ್ ಸೇರಿದ ಹೊಸದರಲ್ಲಿ ಮೂರು ದಿನ ಲೇಸರನ್ನು ಬೈದೆ. ಫೈಬರ್ ಎಂಬ ಗಾಜಿನ ಎಳೆಯೊಳಗೆ ಎಷ್ಟು ಬೆಳಕು ಕಳಿಸಿದರೂ ಆ ಕಡೆ ಅರ್ಧ ಪವರೂ ಬರುತ್ತಿರಲಿಲ್ಲ. ಕೊನೆಗೆ ಲ್ಯಾಬಿನ ಸೀನಿಯರ್ ಒಬ್ಬರು ಕನೆಕ್ಟರ್ ತುದಿಯನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಧೂಳು! ಸಿಂಗಲ್ ಮೋಡ್ ಫೈಬರಿನಲ್ಲಿ ಬೆಳಕು ಓಡುವ ಕೋರ್ ಸುಮಾರು 9 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ 9 ಪಾಲು) ಅಷ್ಟೇ. ಅದಕ್ಕೆ ಒಂದು ಕಣ ಅಡ್ಡ ಕೂತರೆ ಮುಗೀತು.

ಈಗ ತಂಗಿಯ ಮಗ ಪಿಯುಸಿ ಮುಗಿಸಿ, "ಮಾಮ, ಇದಕ್ಕೆ ಏನು ಓದಬೇಕು?" ಎಂದು ಕೇಳುತ್ತಿದ್ದಾನೆ.

ಬಿ.ಇ.ಯಲ್ಲೇ ಫೋಟಾನಿಕ್ಸ್ ಹುಡುಕಿಕೊಂಡು ಅಲೆಯಬೇಡ ಎಂದೆ. ಇಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್) ತಗೊಂಡರೆ ಸಾಕು. ಎಲ್ಲರೂ ಪಾಸಾದರೆ ಸಾಕು ಎನ್ನುವ ಫೀಲ್ಡ್ ಥಿಯರಿ ಇದೆಯಲ್ಲ, ಅದನ್ನೇ ಗಟ್ಟಿ ಮಾಡಿಕೊಳ್ಳಬೇಕು. ಬೆಳಕಿನ ಅಲೆಗಳನ್ನು ವಿವರಿಸುವ ಮ್ಯಾಕ್ಸ್‌ವೆಲ್ ಸಮೀಕರಣಗಳು ಮುಂದೆ ದಿನಾ ಎದುರಾಗುತ್ತವೆ. ಫಿಸಿಕ್ಸ್ ಇಷ್ಟವಾದರೆ ಬಿ.ಎಸ್ಸಿ., ಜ್ಯಾಮ್ ಪ್ರವೇಶ ಪರೀಕ್ಷೆ ಬರೆದು ಎಂ.ಎಸ್ಸಿ. ಈ ದಾರಿಯೂ ಕಡಿಮೆಯದೇನಲ್ಲ.

ಆಮೇಲೆ ಎಂ.ಟೆಕ್. ದೆಹಲಿ ಐಐಟಿಯಲ್ಲಿ ಆಪ್ಟೋಎಲೆಕ್ಟ್ರಾನಿಕ್ಸ್ ಇದೆ. ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದಲ್ಲಂತೂ ಫೋಟಾನಿಕ್ಸ್‌ಗೇ ಒಂದು ವಿಭಾಗವಿದೆ. ಎಂ.ಟೆಕ್ ಪ್ರವೇಶ ಪರೀಕ್ಷೆಯಾದ ಗೇಟ್‌ಗೆ ಓದಿಕೊಂಡಿರುವುದು ಒಳ್ಳೆಯದು. ಸಿಲಿಕಾನ್ ಚಿಪ್ ಮೇಲೆ ಬೆಳಕು ಓಡಿಸುವ ಆಸೆ ಇದ್ದರೆ ಬೆಂಗಳೂರಿನ ಐಐಎಸ್ಸಿ, ಮದ್ರಾಸ್ ಐಐಟಿ ಕಡೆ ನೋಡಬಹುದು. ಆದರೆ ಚಿಪ್ ಡಿಸೈನಿನ ಸಂಶೋಧನೆಗೆ ಪಿಎಚ್.ಡಿ. ಬೇಕಾಗುವುದೇ ಜಾಸ್ತಿ. ಫೈಬರ್ ನೆಟ್‌ವರ್ಕ್, ಟೆಸ್ಟಿಂಗ್ ಕೆಲಸಕ್ಕೆ ಬಿ.ಇ. ಸಾಕು.

ಮನೆಯಲ್ಲಿ ಕೂತು ಪೈಥಾನ್ ಕಲಿಯಬಹುದು. ಅದರಿಂದ ಓಡಿಸಬಹುದಾದ, ಬೆಳಕಿನ ಓಟವನ್ನು ಕಂಪ್ಯೂಟರಿನಲ್ಲಿ ತೋರಿಸುವ ಮೀಪ್ ಅನ್ನೋ ಸಿಮ್ಯುಲೇಟರ್ ಪುಕ್ಕಟೆ ಸಿಗುತ್ತದೆ. ಬೆಳಕನ್ನು ಹಿಡಿದು ಒಯ್ಯುವ ವೇವ್‌ಗೈಡನ್ನು ಬಗ್ಗಿಸಿದರೆ ಬೆಳಕು ಹೇಗೆ ಸೋರುತ್ತದೆ ಅಂತ ಅದರಲ್ಲಿ ಕಣ್ಣಾರೆ ನೋಡಬಹುದು.

ಆದರೆ ಕೈ ಪಳಗಬೇಕಾದ್ದು ಲ್ಯಾಬಿನಲ್ಲೇ. ಇಂಟರ್ನ್‌ಶಿಪ್ ಸಿಕ್ಕರೆ ಸ್ಪ್ಲೈಸಿಂಗ್, ಅಂದರೆ ಎರಡು ಫೈಬರ್ ಬೆಸೆಯುವುದನ್ನು ಕಲಿಸಿ ಎಂದು ಸಂಕೋಚ ಬಿಟ್ಟು ಕೇಳಿ. ಫೈಬರಿನ ಮೇಲಿನ ಕೋಟಿಂಗ್ ಸುಲಿಯಬೇಕು. ಗಾಜನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಕಿರ್ ಅನ್ನುವವರೆಗೆ ಒರೆಸಬೇಕು. ಕ್ಲೀವರ್‌ನಲ್ಲಿ ನೇರಕ್ಕೆ ಕತ್ತರಿಸಿ ಮೆಷಿನ್ನಿಗೆ ಇಟ್ಟರೆ ಎರಡೂ ತುದಿ ಕರಗಿ ಒಂದಾಗುತ್ತವೆ. ಪರದೆಯ ಮೇಲೆ 0.02 ಡಿಬಿ ಲಾಸ್ (ಬೆಳಕು ಬಹುತೇಕ ಸೋರದೆ ದಾಟಿತು ಅಂತ) ಬಂದರೆ ಅವತ್ತು ಊಟ ರುಚಿ. ಕತ್ತರಿಸಿದ ಚೂರುಗಳು ಮಾತ್ರ ಕಣ್ಣಿಗೆ ಕಾಣದ ಮುಳ್ಳು, ತಕ್ಷಣ ಡಬ್ಬಿಗೆ ಹಾಕಿ. ಫೈಬರಿನೊಳಗೆ ಇಣುಕಲೇಬೇಡಿ: 1550 ನ್ಯಾನೋಮೀಟರ್ ಬೆಳಕು ಕಾಣುವುದಿಲ್ಲ, ಸುಮ್ನೆ ಕಣ್ಣನ್ನು ಸುಟ್ಟುಬಿಡಬಹುದು.

ಅಂದಹಾಗೆ, ಜೋಡಣೆಯ ಮೇಲೆ ಮುಚ್ಚುವ ಸ್ಲೀವನ್ನು, ಕೋಟಿಂಗ್ ಸುಲಿಯುವ ಮೊದಲೇ ಫೈಬರಿಗೆ ತೂರಿಸಿರಬೇಕು. ಮರೆತರೆ, ಎಷ್ಟೇ ಚೆನ್ನಾಗಿ ಕೂಡಿದ್ದರೂ ಕತ್ತರಿಸಿ ಮೊದಲಿನಿಂದ ಶುರು ಮಾಡಬೇಕು. ಮೊನ್ನೆ ಕೂಡ ಮರೆತೆ.