ಹ್ಯಾಕ್ನಿ ಗಾಡಿಯನ್ನು ಕನ್ನಡಕ್ಕೆ ತಂದದ್ದು

ಮೂರು ವರ್ಷದ ಹಿಂದೆ ಹಳೆಯ ಲಂಡನ್ನಿನ ಬದುಕಿನ ಬಗ್ಗೆ ಬರೆದ ಇಂಗ್ಲಿಷ್ ಪ್ರಬಂಧಗಳ ಒಂದು ಕಟ್ಟು ಅನುವಾದಕ್ಕೆ ಅಂತ ನನ್ನ ಕೈಗೆ ಬಂತು. ಬೇರೆ ಬೇರೆ ಕಾಲದವರು ಬರೆದದ್ದು. ಐದು ತಿಂಗಳಲ್ಲಿ ಮೊದಲ ಕರಡು ಮುಗಿಸಿದೆ. ತಿದ್ದಲು ಕೂತಾಗ ಒಂದು ಪದ ಮತ್ತೆ ಮತ್ತೆ ಕಾಲಿಗೆ ತೊಡರುತ್ತಿತ್ತು: ಹ್ಯಾಕ್ನಿ. ಅದು ಮತ್ತು ಅದರಿಂದ ಹುಟ್ಟಿದ ಪದಗಳು ಎಷ್ಟು ಸಲ ಬಂದಿವೆ ಅಂತ ಎಣಿಸಿದೆ. 23 ಕಡೆ ಇದ್ದವು. ಬಹುತೇಕ ಎಲ್ಲ ಕಡೆ ನಾನು ‘ಬಾಡಿಗೆ ಗಾಡಿ’ ಅಂತಲೇ ಬರೆದು ಮುಂದೆ ಹೋಗಿದ್ದೆ. ನಿಘಂಟಿನಲ್ಲಿ ಮೊದಲು ಸಿಗುವ ಅರ್ಥ ಅದೇ.

ಅದು ತಪ್ಪು ಅಂತ ಗೊತ್ತಾದದ್ದು ಒಂದು ವಾಕ್ಯದಿಂದ. ನನ್ನ ಕರಡಿನಲ್ಲಿ ಒಬ್ಬ ಪಾದ್ರಿ ಬಾಡಿಗೆ ಗಾಡಿಯ ಬೆನ್ನೇರಿ ಊರು ಬಿಟ್ಟು ಹೊರಟಿದ್ದ. ಗಾಡಿಗೆ ಬೆನ್ನು ಇರುವುದಿಲ್ಲ, ಅಲ್ವಾ? ಅಲ್ಲಿ ಹ್ಯಾಕ್ನಿ ಅಂದರೆ ಗಾಡಿಯೇ ಅಲ್ಲ, ಕುದುರೆ.

ಅಷ್ಟಾದ ಮೇಲೆ 23 ವಾಕ್ಯಗಳನ್ನೂ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಒಂದು ಹಾಳೆಗೆ ಒಂದೇ ವಾಕ್ಯ. ಪ್ರತಿಯೊಂದರ ಕೆಳಗೆ ಬರೆದ ಕಾಲ, ಹ್ಯಾಕ್ನಿ ಅಂದದ್ದು ಯಾವುದಕ್ಕೆ ಅಥವಾ ಯಾರಿಗೆ, ಹೇಳುವವನ ದನಿಯಲ್ಲಿ ಬೈಗುಳ ಇದೆಯೋ ಇಲ್ಲವೋ, ಇಷ್ಟನ್ನು ಗುರುತು ಹಾಕಿದೆ. ನಾಲ್ಕು ದಿನದ ಕೆಲಸ. ಆಮೇಲೆ ಪದದ ಹಿನ್ನೆಲೆ ಓದಿದೆ.

ಹ್ಯಾಕ್ನಿ ಅನ್ನುವುದು ಒಂದು ಊರು. ಈಗ ಪೂರ್ವ ಲಂಡನ್ನಿನ ಒಂದು ಭಾಗ. ಹಿಂದೆ ಲೀ ನದಿಯ ಪಕ್ಕದ ಹಳ್ಳಿ, ಸುತ್ತ ಜೌಗು ನೆಲ, ಒಳ್ಳೆಯ ಹುಲ್ಲುಗಾವಲು. ಅಲ್ಲಿ ಮೇಯಿಸುತ್ತಿದ್ದ ಕುದುರೆಗಳಿಗೆ ಊರಿನ ಹೆಸರೇ ನಿಂತಿತು ಅನ್ನುವುದು ಹೆಚ್ಚಿನವರು ಒಪ್ಪುವ ಮಾತು. ಫ್ರೆಂಚಿನಲ್ಲೂ ಹಕನೆ ಅಂತ ಇದೇ ಪದ ಇದೆ. ಇಂಗ್ಲಿಷಿಗೆ ಅದು ಫ್ರೆಂಚಿನಿಂದ ಬಂತು ಅಂತ ಬಹಳ ಕಾಲ ನಂಬಿದ್ದರು. ಈಗ ತಿರುಗುಮುರುಗು ಮಾಡಿ, ಇಂಗ್ಲಿಷಿನಿಂದಲೇ ಅಲ್ಲಿಗೆ ಹೋದದ್ದು ಅನ್ನುತ್ತಾರೆ.

ಹದಿನಾಲ್ಕನೆಯ ಶತಮಾನದ ಕವಿ ಚಾಸರ್‌ನ ಹೊತ್ತಿಗೆ ಈ ಪದ ಬಳಕೆಯಲ್ಲಿತ್ತು. ಯುದ್ಧದ ಕುದುರೆ ಬೇರೆ, ಉಳುವ ಕುದುರೆ ಬೇರೆ. ಇದು ಮೈ ಕುಲುಕಿಸದೆ ಹದವಾಗಿ ನಡೆಯುವ, ಸಾಧಾರಣ ಜನ ಹತ್ತಿ ಹೋಗುವ ಕುದುರೆ. ಹಾಗಾಗಿ ಪಾದ್ರಿಯನ್ನು ‘ಸವಾರಿ ಕುದುರೆ’ಯ ಮೇಲೆ ಕೂರಿಸಿದೆ. ಇಂಥ ಕುದುರೆಗಳನ್ನೇ ದುಡ್ಡಿಗೆ ಕೊಡುತ್ತಿದ್ದದ್ದು. ಅಲ್ಲಿಂದ ಹ್ಯಾಕ್ನಿ ಅಂದರೆ ಬಾಡಿಗೆ ಕುದುರೆ ಅಂತಾಯಿತು, ಆಮೇಲೆ ಬಾಡಿಗೆಯ ಗಾಡಿ, ಆಮೇಲೆ ಬಾಡಿಗೆಯ ಮನುಷ್ಯ.

ಗಾಡಿಯ ವಾಕ್ಯಗಳೇ ಜಾಸ್ತಿ ಇದ್ದವು, 11. ಅವು ಸುಲಭ ಅಂದುಕೊಂಡಿದ್ದೆ. ಆದರೆ ಅತಿ ಹೆಚ್ಚು ಹೊತ್ತು ತಿಂದದ್ದು ಅವೇ.

1634ರಲ್ಲಿ ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯಲ್ಲಿ, ಮೇಪೋಲ್ ಕಂಬದ ಹತ್ತಿರ, ಕ್ಯಾಪ್ಟನ್ ಬೇಲಿ ಅನ್ನುವ ಹಳೆಯ ನಾವಿಕ ನಾಲ್ಕು ಗಾಡಿಗಳನ್ನು ತಂದು ನಿಲ್ಲಿಸಿದ. ಗಾಡಿಯವರಿಗೆ ಸಮವಸ್ತ್ರ ಕೊಟ್ಟ, ಎಲ್ಲಿಗೆ ಎಷ್ಟು ಅಂತ ದರ ಗೊತ್ತುಮಾಡಿದ. ಲಂಡನ್ನಿನ ಮೊದಲ ಗಾಡಿ ಸ್ಟ್ಯಾಂಡ್ ಅಂದರೆ ಅದೇ. ಮರುವರ್ಷವೇ ಅರಸ ಒಂದನೆಯ ಚಾರ್ಲ್ಸ್ ಇವುಗಳಿಗೆ ಕಡಿವಾಣ ಹಾಕುವ ಆಜ್ಞೆ ಹೊರಡಿಸಿದ. ಥೇಮ್ಸ್ ನದಿಯ ದೋಣಿಯವರಿಗೂ ಗಾಡಿಗಳ ಮೇಲೆ ಸಿಟ್ಟಿತ್ತು, ಅವರ ಗಿರಾಕಿಗಳು ಗಾಡಿ ಹತ್ತತೊಡಗಿದ್ದರು. 1662ರಲ್ಲಿ ಕಾನೂನು ಬಂದು 400 ಗಾಡಿಗಳಿಗೆ ಲೈಸೆನ್ಸ್ ಅಂತಾಯಿತು. 1694ರಲ್ಲಿ ಅದು 700ಕ್ಕೆ ಏರಿತು.

ಇದನ್ನೆಲ್ಲ ಓದಿದ ಮೇಲೆ ನನಗೆ ‘ಜಟಕಾ’ ಅನ್ನುವ ಮಾತಿನ ಮೇಲೆ ಆಸೆಯಾಯಿತು. ಸ್ಟ್ಯಾಂಡಿದೆ, ದರ ಇದೆ, ಲೈಸೆನ್ಸ್ ಇದೆ, ಚೌಕಾಸಿ ಇದೆ. ಕನ್ನಡದ ಓದುಗರಿಗೆ ಜಟಕಾ ಅಂದ ಕೂಡಲೆ ಇಡೀ ಬೀದಿಯೇ ಕಣ್ಣಿಗೆ ಬರುತ್ತದೆ. ಬ್ರಿಟಿಷ್ ಆಳ್ವಿಕೆಯ ಕಾನೂನೂ ನನ್ನ ಪರವಾಗಿತ್ತು. 1879ರಲ್ಲಿ ಇಲ್ಲಿ ಹ್ಯಾಕ್ನಿ ಗಾಡಿಗಳ ಕಾಯ್ದೆ ಅಂತಲೇ ಒಂದು ಬಂತು. ಅದರ ಲೆಕ್ಕದಲ್ಲಿ ಚಕ್ರ ಇರಬೇಕು, ಪ್ರಾಣಿ ಎಳೆಯಬೇಕು, ಜನರನ್ನು ಬಾಡಿಗೆಗೆ ಒಯ್ಯಬೇಕು. ಇಷ್ಟಿದ್ದರೆ ಅದು ಹ್ಯಾಕ್ನಿ ಗಾಡಿ. ಜಟಕಾದಲ್ಲಿ ಈ ಮೂರೂ ಇವೆ.

ನಮ್ಮ ದೊಡ್ಡಪ್ಪ ಮೈಸೂರಿನಲ್ಲಿ ಜಟಕಾ ಹೊಡೆಯುತ್ತಿದ್ದವರು. ರೈಲು ನಿಲ್ದಾಣದ ಮುಂದೆ ನಿಲ್ಲುತ್ತಿದ್ದರು. ಅವರ ಮುಂದೆ ಕೂತು ನನ್ನ ಕರಡಿನ ಒಂದು ಪುಟ ಗಟ್ಟಿಯಾಗಿ ಓದಿದೆ. ಆ ಪುಟದಲ್ಲಿ ಮಳೆಗಾಲದ ಸಂಜೆ ಒಬ್ಬ ಗುಮಾಸ್ತ ಹ್ಯಾಕ್ನಿ ಗಾಡಿ ಹತ್ತುತ್ತಾನೆ. ಒಳಗೆ ನೆಲಕ್ಕೆ ಒದ್ದೆ ಹುಲ್ಲು. ಬಾಗಿಲ ಮೇಲೆ ಯಾವುದೋ ದೊಡ್ಡ ಮನೆತನದ ಲಾಂಛನ, ಬಣ್ಣ ಉದುರಿ ಅರ್ಧ ಅಳಿಸಿಹೋಗಿದೆ.

ದೊಡ್ಡಪ್ಪ ಹುಲ್ಲಿಗೆ ತಲೆದೂಗಿದರು. ‘ನಾವೂ ಹುಲ್ಲು ಹಾಸಿ ಮೇಲೆ ಚಾಪೆ ಹಾಕ್ತಿದ್ವಿ. ಕೂರೋರಿಗೂ ಮೆತ್ತಗೆ, ಕುದುರೆಗೂ ಮೇವು.’ ಲಾಂಛನದ ಮಾತು ಬಂದಾಗ ನನ್ನನ್ನು ತಡೆದರು. ‘ಜಟಕಾಗೆ ಬಾಗಿಲೆಲ್ಲಿ ಮಗಾ? ಎಷ್ಟು ಚಕ್ರ ಅದಕ್ಕೆ?’

ನಾಲ್ಕು ಚಕ್ರ ಅಂದೆ, ಎರಡು ಕುದುರೆ ಅಂದೆ.

‘ಹಂಗಾದ್ರೆ ಅದು ಸಾರೋಟು. ಜಟಕಾ ಅಂತ ಬರೀಬೇಡ. ಓದೋರು ಬಗ್ಗಿ ಒಳಗೆ ಹೋಗ್ತಾರೆ, ಕಾಲು ಮಡಿಚಿ ಕೂತ್ಕೋತಾರೆ. ನಿನ್ನ ಗುಮಾಸ್ತ ಕಾಲು ಇಳಿಬಿಟ್ಟು ಕೂತವ್ನೆ.’

ಎಷ್ಟು ಸರಿಯಾದ ಮಾತು! ಪದ ಬದಲಾದರೆ ಕೂರುವ ರೀತಿಯೇ ಬದಲಾಗುತ್ತದೆ ಅಂತ ನನಗೆ ಹೊಳೆದಿರಲಿಲ್ಲ. ಆದರೆ ಸಾರೋಟು ಅಂದರೆ ನಮಗೆ ಅರಮನೆ, ದಸರಾ, ಮದುವೆ ಮೆರವಣಿಗೆ. ಗುಮಾಸ್ತನಿಗೂ ಅದಕ್ಕೂ ಹೊಂದುವುದಿಲ್ಲ ಅಂತ ಒಂದು ವಾರ ಸುಮ್ನೆ ಹಿಂದೇಟು ಹಾಕಿದೆ. ಆಮೇಲೆ ಬಾಗಿಲ ಮೇಲಿನ ಲಾಂಛನದ ಗುಟ್ಟು ತಿಳಿಯಿತು. ಆ ಕಾಲದ ಎಷ್ಟೋ ಹ್ಯಾಕ್ನಿ ಗಾಡಿಗಳು ಶ್ರೀಮಂತರು ಬಳಸಿ ಹಳತಾದ ಮೇಲೆ ಮಾರಿಬಿಟ್ಟ ಗಾಡಿಗಳು. ಗಾಡಿ ಕೊಂಡವನು ಲಾಂಛನ ಅಳಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಅಂದರೆ ಅದು ನಿಜವಾಗಿಯೂ ಸಾರೋಟೇ, ಬಾಡಿಗೆಗೆ ಇಳಿದ ಸಾರೋಟು.

ಹನ್ನೊಂದರಲ್ಲಿ ಹತ್ತು ಕಡೆ ‘ಬಾಡಿಗೆ ಸಾರೋಟು’ ಅಂತ ಬರೆದೆ. ಎರಡು ಪದ ಪಕ್ಕಪಕ್ಕ ಕೂತಾಗ ಒಂದಕ್ಕೊಂದು ಒಗ್ಗದ ಹಾಗೆ ಕೇಳುತ್ತವೆ. ಆ ಗಾಡಿಯ ಹಣೆಬರಹವೂ ಹಾಗೇ ಇತ್ತು, ಅದಕ್ಕೇ ಅದು ನನಗೆ ಇಷ್ಟ.

ಹನ್ನೊಂದನೆಯದು ಮುನ್ನುಡಿಯಲ್ಲಿತ್ತು, ಈಗಿನ ಕಾಲದ ಮಾತು. ಬ್ರಿಟನ್ನಿನ ಕಾನೂನಿನಲ್ಲಿ ಟ್ಯಾಕ್ಸಿಯನ್ನು ಇವತ್ತಿಗೂ ಹ್ಯಾಕ್ನಿ ಗಾಡಿ ಅಂತಲೇ ಕರೆಯುತ್ತಾರೆ, ಕುದುರೆ ಹೋಗಿ ಎಷ್ಟೋ ಕಾಲವಾಗಿದ್ದರೂ. ಅಲ್ಲಿರುವ ನನ್ನ ತಂಗಿಯ ಮಗಳು ಒಂದು ಟ್ಯಾಕ್ಸಿಯ ಹಿಂದಿನ ಫಲಕದ ಫೋಟೋ ತೆಗೆದು ಕಳಿಸಿದಳು. ಲೈಸೆನ್ಸ್ ನಂಬರಿನ ಮೇಲೆ ಅದೇ ಪದ. ಅಲ್ಲಿ ಎರಡು ಬಗೆ. ರಸ್ತೆಯಲ್ಲಿ ಕೈ ತೋರಿಸಿ ಹತ್ತಬಹುದಾದದ್ದು ಹ್ಯಾಕ್ನಿ. ಮೊದಲೇ ಬುಕ್ ಮಾಡಿ ಕರೆಸಿಕೊಳ್ಳಬೇಕಾದದ್ದು ಬೇರೆ, ಅದಕ್ಕೆ ಬೇರೆ ಲೈಸೆನ್ಸ್. ಆ ಒಂದು ಕಡೆ ಮಾತ್ರ ‘ಕೈ ತೋರಿಸಿ ಹತ್ತುವ ಟ್ಯಾಕ್ಸಿ’ ಅಂತ ಬರೆದೆ. ಉದ್ದ ಆಯಿತು, ಆದರೆ ಓದುಗರಿಗೆ ವ್ಯತ್ಯಾಸ ತಿಳಿಯುತ್ತದೆ.

ಎರಡು ಬಲೆಗಳ ಬಗ್ಗೆಯೂ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಒಂದು ಬರಹದಲ್ಲಿ ಜಮೀನ್ದಾರನೊಬ್ಬ ತನ್ನ ಹ್ಯಾಕ್ನಿಯ ಬಗ್ಗೆ ಜಂಭ ಕೊಚ್ಚಿಕೊಳ್ಳುತ್ತಾನೆ. ಬಾಡಿಗೆ ಕುದುರೆಯ ಬಗ್ಗೆ ಯಾರಾದರೂ ಜಂಭ ಪಡುತ್ತಾರಾ? ಹ್ಯಾಕ್ನಿ ಅನ್ನುವುದು ಒಂದು ಕುದುರೆ ತಳಿಯ ಹೆಸರೂ ಹೌದು. ಮೊಣಕಾಲು ಎತ್ತರಕ್ಕೆ ಎತ್ತಿ ಓಡುವ ಚಂದದ ಕುದುರೆ. ಅದರ ಸಂಘ 1883ರಲ್ಲಿ ಶುರುವಾಯಿತು. ಅಲ್ಲಿ ಹ್ಯಾಕ್ನಿ ತಳಿ ಅಂತಲೇ ಉಳಿಸಿಕೊಂಡೆ. ಇನ್ನೊಂದು, ಬಂಗಾಳದಿಂದ ಕಂಪನಿಯ ನೌಕರನೊಬ್ಬ ಬರೆದ ಕಾಗದದಲ್ಲಿ ಬಂದ ‘ಹ್ಯಾಕರಿ’. ಅವಸರದಲ್ಲಿ ಅದನ್ನೂ ಹ್ಯಾಕ್ನಿ ಅಂತ ಓದಿದ್ದೆ. ಹ್ಯಾಕರಿ ಅಂದರೆ ಇಲ್ಲಿನ ಇಂಗ್ಲಿಷರ ಬಾಯಲ್ಲಿ ಎತ್ತಿನ ಗಾಡಿ. 23ರಲ್ಲಿ ಒಂದು ಹಾಗೆ ಪಟ್ಟಿಯಿಂದ ಹೊರಗೆ ಹೋಯಿತು.

ಮನುಷ್ಯರ ಬಗ್ಗೆ ಬಂದ ಕಡೆ ಹ್ಯಾಕ್ನಿ ಮೊಟಕಾಗಿ ಹ್ಯಾಕ್ ಆಗಿತ್ತು. ಕಂಪ್ಯೂಟರಿನ ಹ್ಯಾಕರ್‌ಗೂ ಇದಕ್ಕೂ ನಂಟಿಲ್ಲ, ಅದು ಕೊಚ್ಚು, ಕಡಿ ಅನ್ನುವ ಅರ್ಥದ ಬೇರೆ ಪದದಿಂದ ಬಂದದ್ದು. ಲಂಡನ್ನಿನ ಗ್ರಬ್ ಸ್ಟ್ರೀಟ್‌ನಲ್ಲಿ ಪುಸ್ತಕ ವ್ಯಾಪಾರಿಗಳಿಗೆ ಹಾಳೆಗಿಷ್ಟು ಅಂತ ಬರೆದುಕೊಟ್ಟು ಬದುಕುವ ಬರಹಗಾರರಿದ್ದರು. ಆಲಿವರ್ ಗೋಲ್ಡ್‌ಸ್ಮಿತ್ ಕೂಡ ಹಾಗೆ ದುಡಿದವನೇ. ಜೊತೆಗೆ ಓದಿದ ಗೆಳೆಯ ಎಡ್ವರ್ಡ್ ಪರ್ಡನ್ ಸತ್ತಾಗ ಅವನ ಗೋರಿಗೆ ಅಂತ ನಾಲ್ಕು ಸಾಲು ಬರೆದ. ಬಹುಕಾಲ ಪುಸ್ತಕ ವ್ಯಾಪಾರಿಯ ಹ್ಯಾಕ್ ಆಗಿದ್ದವನು ಈಗ ಸಂಕಟದಿಂದ ಬಿಡುಗಡೆ ಪಡೆದ, ಇಲ್ಲಿನ ಬಾಳು ನೋಡಿದವನು ಮತ್ತೆ ಬರಲು ಬಯಸಲಾರ ಅನ್ನುವ ಅರ್ಥದ ಸಾಲುಗಳು.

ಇದನ್ನು ಮೊದಲು ‘ಕೂಲಿ ಬರಹಗಾರ’ ಅಂತ ಮಾಡಿದ್ದೆ. ಬೇರೆ ಮೂರು ಕಡೆ ಆ ಮಾತು ಹೊಂದಿತು, ಅಲ್ಲಿ ಬರೆದವರು ನಿಜಕ್ಕೂ ಹೀಯಾಳಿಸುತ್ತಿದ್ದರು. ಇಲ್ಲಿ ಮನಸ್ಸು ಒಪ್ಪಲಿಲ್ಲ. ನಾನೂ ಪುಟದ ಲೆಕ್ಕದಲ್ಲಿ ಅನುವಾದ ಮಾಡಿ ಮನೆ ನಡೆಸಿದ್ದೇನೆ. ಆ ಕೆಲಸದ ದಣಿವು ಗೊತ್ತು, ಅದರಲ್ಲಿ ಅವಮಾನ ಏನೂ ಇಲ್ಲ ಅನ್ನುವುದೂ ಗೊತ್ತು. ಗೋಲ್ಡ್‌ಸ್ಮಿತ್ ತನ್ನ ಗೆಳೆಯನನ್ನು ಆಡಿಕೊಂಡದ್ದಲ್ಲ, ತನ್ನ ಜೊತೆಗೇ ನೊಗ ಹೊತ್ತವನ ಬಗ್ಗೆ ಮರುಗಿದ್ದು ಅಂತ ನನಗನಿಸುತ್ತದೆ. ಅದಕ್ಕೇ ಅಲ್ಲಿ ಕುದುರೆಯನ್ನು ವಾಪಸ್ ತಂದೆ: ‘ಪುಸ್ತಕ ವ್ಯಾಪಾರಿಯ ಬಾಡಿಗೆ ಕುದುರೆ’.

ಉಳಿದದ್ದು ಹ್ಯಾಕ್ನೀಡ್. ಈಗ ಅದಕ್ಕೆ ಎಲ್ಲರೂ ಹೇಳಿ ಹೇಳಿ ಜೀವ ಹೋದ ಮಾತು ಅನ್ನುವ ಅರ್ಥ. ನನ್ನ ಕಟ್ಟಿನ ಒಂದು ಪ್ರಬಂಧ ಷೇಕ್ಸ್‌ಪಿಯರನ ಸಾಲೊಂದನ್ನು ಎತ್ತಿಕೊಂಡಿತ್ತು. ನಾಲ್ಕನೆಯ ಹೆನ್ರಿ ಅರಸ ಮಗನಿಗೆ ಬುದ್ಧಿ ಹೇಳುತ್ತಾನೆ. ನಾನು ನಿನ್ನ ಹಾಗೆ ಕಂಡಕಂಡಲ್ಲಿ ಮುಖ ತೋರಿಸಿ ಜನರ ಕಣ್ಣಿಗೆ ಹ್ಯಾಕ್ನಿ ಆಗಿಬಿಟ್ಟಿದ್ದರೆ ಈ ಪಟ್ಟ ಸಿಗುತ್ತಿರಲಿಲ್ಲ ಅನ್ನುವುದು ಮಾತಿನ ತಿರುಳು. ಹಳಸಿಹೋಗಿದ್ದರೆ ಅಂತ ಬರೆದೆ, ಹೊಡೆದುಹಾಕಿದೆ. ಅನ್ನ ಹಳಸುತ್ತದೆ, ಅರಸ ಹಳಸುವುದಿಲ್ಲ. ಅಗ್ಗವಾಗಿದ್ದರೆ ಅಂತ ಬರೆದೆ, ಅದೂ ಸಂತೆಯ ಮಾತಾಯಿತು. ಎರಡು ದಿನ ಬಿಟ್ಟು, ಅಡುಗೆಮನೆಯಲ್ಲಿ ನಮ್ಮಮ್ಮ ಯಾರದೋ ಬಗ್ಗೆ ‘ದಿನಾ ಹೋದ್ರೆ ಸದರ ಆಗ್ಬಿಡ್ತೀವಿ’ ಅಂದದ್ದು ಕಿವಿಗೆ ಬಿತ್ತು. ಸದರ! ಅರಸ ಮಗನಿಗೆ ಹೇಳಬೇಕಾದ ಮಾತು ಅದೇ. ‘ಜನರ ಕಣ್ಣಿಗೆ ನಾನು ಸದರವಾಗಿದ್ದರೆ.’ ಅಲ್ಲಿ ಕುದುರೆ ಕಾಣದಿದ್ದರೂ ಮಾತಿನ ತೂಕ ಸರಿಯಾಗಿ ಬಂತು.

ಕೊನೆಗೆ ಉಳಿದದ್ದು ಒಂದೇ ವಾಕ್ಯ. ಹ್ಯಾಕ್ನಿ ಗಾಡಿಗಳ ಬಗ್ಗೆ ಎಲ್ಲರೂ ಮಾಡುವ ಹ್ಯಾಕ್ನೀಡ್ ತಮಾಷೆ ಅಂತ ಲೇಖಕ ಒಂದೇ ಉಸಿರಿನಲ್ಲಿ ಎರಡು ಸಲ ಪದವನ್ನು ಬಳಸಿದ್ದ. ‘ಬಾಡಿಗೆ ಸಾರೋಟಿನ ಬಗ್ಗೆ ಹಳೇ ತಮಾಷೆ’ ಅಂದರೆ ಅರ್ಥ ಬರುತ್ತದೆ, ಆಟ ಹೋಗುತ್ತದೆ. ಇದನ್ನು ದೊಡ್ಡಪ್ಪನ ಹತ್ತಿರ ಹೇಳಿರಲಿಲ್ಲ. ಇನ್ನೊಂದು ಸಲ ಹೋದಾಗ ಬಾಡಿಗೆ ಕುದುರೆ ಹೇಗಿರುತ್ತಿತ್ತು ಅಂತ ಸುಮ್ನೆ ಕೇಳಿದೆ.

‘ಅದರ ಲಾಳ ಬೇಗ ಸವೆಯೋದು,’ ಅಂದರು. ‘ನನ್ನದೇ ಕುದುರೆ ಆದ್ರೆ ನಡಿಗೆ ನೋಡಿದ್ ತಕ್ಷಣ ಲಾಳ ಸವೆದೈತೆ ಅಂತ ಗೊತ್ತಾಗೋದು, ಕಟ್ಟಿಸ್ತಿದ್ದೆ. ಬಾಡಿಗೆಗೆ ತಗೊಂಡೋನು ಕಾಲೆತ್ತಿ ನೋಡಲ್ಲ. ಇವತ್ತು ಒಬ್ಬ, ನಾಳೆ ಒಬ್ಬ. ಯಾರ್ದೂ ಅಲ್ಲ ಅದು.’

ಮಾತು ಸವೆಯುವುದೂ ಹಾಗೇ ತಾನೆ? ಎಲ್ಲರೂ ಓಡಿಸುತ್ತಾರೆ, ಯಾರೂ ಕಾಲೆತ್ತಿ ನೋಡುವುದಿಲ್ಲ. ಸವಕಲು ಮಾತು ಅಂತ ನಾವು ದಿನಾ ಅನ್ನುತ್ತೇವೆ. ಆ ಸವಕಲಿನಲ್ಲಿ ಲಾಳದ ಕಬ್ಬಿಣ ನನಗೆ ಕಂಡದ್ದು ಅವತ್ತು. ಮನೆಗೆ ಬಂದವನೇ ನೋಟ್‌ಬುಕ್ಕಿನ ಆ ಹಾಳೆ ತೆಗೆದು ಬರೆದೆ: ‘ಲಾಳ ಸವೆದ ಬಾಡಿಗೆ ಕುದುರೆ, ಅದರ ಬಗ್ಗೆ ಅಷ್ಟೇ ಸವೆದ ತಮಾಷೆ.’ ಮೂಲದಲ್ಲಿ ಲಾಳ ಇಲ್ಲ. ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಕರಡು ತಿದ್ದುವವರು ಅದರ ಕೆಳಗೆ ಗೆರೆ ಎಳೆದು ಪ್ರಶ್ನೆ ಹಾಕಿದ್ದರು. ಇರಲಿ ಅಂತ ಪಕ್ಕದಲ್ಲಿ ಬರೆದು ವಾಪಸ್ ಕಳಿಸಿದೆ.