ರಾಯಚೂರಿನ ಬಿಸಿಲಲ್ಲಿ ತಾರಸಿ ಸೊಪ್ಪು: ಗಡಿಗೆ ಹೂತು ಬೆಳೆಸುವ ಬಗೆ

ನಾನು ತೀರ್ಥಹಳ್ಳಿ ಕಡೆಯವಳು, ಮಳೆ ನೋಡಿಕೊಂಡು ಬೆಳೆದವಳು. ಮನೆಯವರಿಗೆ ರಾಯಚೂರಿಗೆ ವರ್ಗವಾದಾಗ ಬಸಳೆ ಬಳ್ಳಿಯ ನಾಲ್ಕು ತುಂಡು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ ಹತ್ತಿದ್ದೆ. ಮೊದಲ ಬೇಸಿಗೆಗೆ ತಾರಸಿಯಲ್ಲಿ ಟೊಮೆಟೊ, ಕೊತ್ತಂಬರಿ, ಪಾಲಕ್ ಎಲ್ಲ ಹಾಕಿದೆ. ದಿನಾ ಎರಡು ಹೊತ್ತು ನೀರು. ಆದರೂ ಏಪ್ರಿಲ್ ಅರ್ಧ ಕಳೆಯುವಷ್ಟರಲ್ಲಿ ಕುಂಡದಲ್ಲಿ ಉಳಿದದ್ದು ಬರೀ ಕಡ್ಡಿ. ಎದುರುಮನೆ ಅಜ್ಜಿ ತಮ್ಮ ಮಾಳಿಗೆಯಿಂದಲೇ ಕೂಗಿದರು: "ಯವ್ವಾ, ಬ್ಯಾಸಗ್ಯಾಗ ಟಮಾಟಿ ಯಾರು ಹಚ್ತಾರ? ಪುಂಡಿ ಹಾಕು!"

ಅಜ್ಜಿ ಮಾತು ಸರಿ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದಿದ್ದರೆ ಟೊಮೆಟೊ ಹೂವು ಕಾಯಿ ಕಟ್ಟದೆ ಉದುರುತ್ತದೆ. ಇಲ್ಲಿ ಏಪ್ರಿಲ್, ಮೇನಲ್ಲಿ 40 ದಾಟುವುದು ಮಾಮೂಲಿ. ಎಷ್ಟು ನೀರು ಸುರಿದರೂ ಅಷ್ಟೇ. ಕೊತ್ತಂಬರಿ ಸೊಪ್ಪಾಗುವ ಮೊದಲೇ ಹೂವಿಗೆ ಹೋಗುತ್ತದೆ. ಆ ಆಸೆ ಬಿಟ್ಟುಬಿಡಿ. ಪುಂಡಿ (ಗೋಂಗುರ ಅಂತಾರಲ್ಲ, ಆ ಹುಳಿ ಸೊಪ್ಪು), ಹರಿವೆ, ಬಸಳೆ, ಬೆಂಡೆ, ಚವಳಿಕಾಯಿ (ನಮ್ಮೂರಲ್ಲಿ ಗೋರಿಕಾಯಿ) ಹಾಕಿ. ಶಿವರಾತ್ರಿಗೆ ಮೊದಲೇ ಬಿತ್ತಬೇಕು. ಬಿಸಿಲು ಏರುವಷ್ಟರಲ್ಲಿ ಬೇರು ಕೆಳಗೆ ಇಳಿದಿರಬೇಕು, ಅಲ್ವಾ?

ಇನ್ನು ಮಣ್ಣು. ಇಲ್ಲಿ ಸುಲಭಕ್ಕೆ ಸಿಗುವುದು ಎರೆಮಣ್ಣು. ಅದೊಂದನ್ನೇ ಕುಂಡಕ್ಕೆ ತುಂಬಬೇಡಿ. ಒಣಗಿದಾಗ ಅದು ಕುಗ್ಗಿ ಕುಂಡದ ಅಂಚು ಬಿಡುತ್ತದೆ. ಹಾಕಿದ ನೀರು ಆ ಸಂದಿಯಲ್ಲಿ ಸರ್ರನೆ ಕೆಳಗಿಳಿದು ಹೋಗುತ್ತದೆ, ಬೇರಿಗೆ ಹನಿಯೂ ತಲುಪುವುದಿಲ್ಲ. ನನ್ನ ಮೊದಲ ವರ್ಷದ ನೀರೆಲ್ಲ ಹೋದದ್ದು ಹೀಗೇ. ಈಗ ಒಂದು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ತೆಂಗಿನ ನಾರಿನ ಪುಡಿ, ಒಂದು ಬುಟ್ಟಿ ಹಳೇ ಸಗಣಿಗೊಬ್ಬರ ಕಲಿಸುತ್ತೇನೆ. ಹಗುರವೂ ಆಗುತ್ತದೆ, ತಾರಸಿಗೂ ಒಳ್ಳೆಯದು. ಕುಂಡಗಳನ್ನು ಗೋಡೆ, ತೊಲೆ ಇರುವ ಕಡೆ ಇಡಿ, ನಡುವೆ ಗುಂಪು ಹಾಕಬೇಡಿ.

ಈಗ ಗಡಿಗೆ ವಿಷಯ. ಇದನ್ನು ಸ್ವಲ್ಪ ಗಮನವಿಟ್ಟು ಓದಿ.

ಪ್ಲಾಸ್ಟಿಕ್ ಡ್ರಮ್ಮನ್ನು ಅಡ್ಡಕ್ಕೆ ಎರಡಾಗಿ ಕೊಯ್ಸಿ, ತಳಕ್ಕೆ ನಾಲ್ಕೈದು ತೂತು ಹಾಕಿ. ಎರಡು ಲೀಟರ್ ಹಿಡಿಯುವ, ಬಣ್ಣ ಬಳಿಯದ ಮಣ್ಣಿನ ಗಡಿಗೆ ತನ್ನಿ. ತೂತು ಬೇಡ, ನಲ್ಲಿಯೂ ಬೇಡ. ಮನೆಯಲ್ಲೇ ಹಳೇ ಗಡಿಗೆ ಇದ್ದರೆ ಮೊದಲು ಪರೀಕ್ಷೆ ಮಾಡಿ: ನೀರು ತುಂಬಿಡಿ, ಒಂದು ಗಂಟೆಯಲ್ಲಿ ಹೊರಮೈ ಒದ್ದೆಯಾಗಬೇಕು. ಆಗದಿದ್ದರೆ ಗಡಸು ನೀರಿನ ಉಪ್ಪು ಅದರ ಸಣ್ಣ ರಂಧ್ರಗಳಲ್ಲಿ ಕೂತಿದೆ ಎಂದರ್ಥ. ತೆಂಗಿನ ನಾರಿನಿಂದ ಗಸಗಸ ಉಜ್ಜಿ ನೋಡಿ, ಸೋಪು ತಾಗಿಸಬೇಡಿ. ಆಮೇಲೂ ಬೆವರದ ಗಡಿಗೆ ಕೆಲಸಕ್ಕೆ ಬಾರದು.

ಅದನ್ನು ಡ್ರಮ್ಮಿನ ನಡುವೆ ಕುತ್ತಿಗೆ ಮಟ್ಟ ಹೂಳಿ. ಬಾಯಿ ಮಾತ್ರ ಎರಡು ಬೆರಳು ಮೇಲಿರಲಿ. ಸುತ್ತಲೂ ಒಂದು ಗೇಣು ದೂರದೊಳಗೆ ಬೀಜ ಹಾಕಿ. ಬೀಜ ಮೊಳೆತು ಎರಡು ವಾರ ಆಗುವ ತನಕ ಮೇಲಿನಿಂದಲೂ ಚಿಮುಕಿಸಬೇಕು, ಎಳೆ ಬೇರು ಗಡಿಗೆಯ ಹತ್ತಿರ ಹೋಗಿರುವುದಿಲ್ಲ. ಆಮೇಲೆ ಗಡಿಗೆ ತುಂಬಿದರೆ ಸಾಕು. ಸುತ್ತಲ ಮಣ್ಣು ಒಣಗಿದರೆ ಅದು ಗಡಿಗೆಯ ನೀರನ್ನು ಎಳೆದುಕೊಳ್ಳುತ್ತದೆ, ಒದ್ದೆ ಇದ್ದರೆ ಜಿನುಗುವುದು ನಿಧಾನವಾಗುತ್ತದೆ. ಲೆಕ್ಕ ಮಣ್ಣೇ ಇಟ್ಟುಕೊಳ್ಳುತ್ತದೆ. ಮಾರ್ಚ್‌ನಲ್ಲಿ ಮೂರು ದಿನಕ್ಕೊಮ್ಮೆ ತುಂಬುತ್ತೇನೆ, ಮೇನಲ್ಲಿ ದಿನಾ. ಬಾಯಿಗೆ ಒಂದು ತಟ್ಟೆ ಮುಚ್ಚಿ, ಮೇಲೆ ಕಲ್ಲಿಡಿ. ಮರೆತರೆ ಸೊಳ್ಳೆಗೆ ತೊಟ್ಟಿಲು ಕಟ್ಟಿಕೊಟ್ಟ ಹಾಗೆ.

ಮಣ್ಣಿನ ಮೇಲೆ ನಾಲ್ಕು ಬೆರಳು ದಪ್ಪ ಒಣ ಎಲೆ ಹರಡಿ. ಡ್ರಮ್ಮಿಗೆ ಹೊರಗಿನಿಂದ ಗೋಣಿಚೀಲ ಸುತ್ತಿ, ಕೆಳಗೆ ಇಟ್ಟಿಗೆ ಕೊಡಿ. ಬಿಸಿಲಿಗಿಂತ ಕಾದ ಡ್ರಮ್ಮು, ಕಾದ ತಾರಸಿ ಬೇರನ್ನು ಬೇಯಿಸುವುದೇ ಜಾಸ್ತಿ. ಮೇಲೆ 50 ಪರ್ಸೆಂಟ್ ಹಸಿರು ನೆರಳು ಬಲೆ ಕಟ್ಟಿ. ಬಸಳೆಗೆ ಅದು ಬೇಕೇ ಬೇಕು. ಬೆಂಡೆ, ಚವಳಿಗೆ ಬಲೆ ಬೇಡ.

ನೀರು ಬೆಳಿಗ್ಗೆ ಬೇಗ. ಮಧ್ಯಾಹ್ನ ಪೈಪಿನಲ್ಲಿ ಬರುವ ನೀರಿನಲ್ಲಿ ಕೈ ಇಡಲಾಗುವುದಿಲ್ಲ, ಗಿಡಕ್ಕೆ ಹೇಗೆ ಹಾಕುವುದು! ಅಕ್ಕಿ ಬೇಳೆ ತೊಳೆದ ನೀರು, ತರಕಾರಿ ತೊಳೆದ ನೀರು ಒಂದು ಬಕೆಟ್‌ನಲ್ಲಿ ಸೇರಿಸಿ ಅವತ್ತೇ ಬುಡಕ್ಕೆ ಹಾಕಿ. ಅದನ್ನು ಗಡಿಗೆಗೆ ಸುರಿಯಬೇಡಿ, ಹುಳಿತು ನಾರುತ್ತದೆ, ರಂಧ್ರವೂ ಮುಚ್ಚುತ್ತದೆ. ನೀರು ಶುದ್ಧ ಮಾಡುವ ಯಂತ್ರ ಹೊರಗೆ ಬಿಡುವ ನೀರಲ್ಲಿ ಉಪ್ಪಿನಂಶ ಜಾಸ್ತಿ. ಒಂದು ಬೇಸಿಗೆ ಅದನ್ನೇ ಹಾಕಿ ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿಸಿಕೊಂಡೆ. ಈಗ ಅದರಲ್ಲಿ ನೆಲ ಒರೆಸುತ್ತೇನೆ.

ಹರಿವೆ ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಬೇರು ಸಮೇತ ಕೀಳದೆ, ನಾಲ್ಕು ಬೆರಳು ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಪುಂಡಿಯ ತುದಿ ಚಿವುಟುತ್ತಿದ್ದಷ್ಟೂ ಕವಲು.

ನಮ್ಮನೆಯಲ್ಲಿ ಮೇ ತಿಂಗಳ ಮಧ್ಯಾಹ್ನಕ್ಕೆ ಎರಡೇ ಅಡುಗೆ. ಒಂದು ದಿನ ನನ್ನೂರಿನ ತಂಬುಳಿ: ಒಂದು ಹಿಡಿ ಬಸಳೆ ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಜೊತೆ ರುಬ್ಬಿ, ಮಜ್ಜಿಗೆಗೆ ಬೆರೆಸಿ ಒಗ್ಗರಣೆ. ಮತ್ತೆ ಕುದಿಸುವ ಹಾಗಿಲ್ಲ, ಒಲೆ ಐದು ನಿಮಿಷ ಉರಿದರೆ ಹೆಚ್ಚು. ಇನ್ನೊಂದು ದಿನ ಅಜ್ಜಿ ಕಲಿಸಿದ ಪುಂಡಿಪಲ್ಯ: ಸೊಪ್ಪು ಬೇಯಿಸಿ ನೀರು ಬಸಿದು, ಬೆಂದ ತೊಗರಿಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ ಸೇರಿಸಿ ಮಸೆದು, ಬೆಳ್ಳುಳ್ಳಿ ಒಗ್ಗರಣೆ ಧಾರಾಳವಾಗಿ. ಇದನ್ನು ಬೆಳಿಗ್ಗೆ ಏಳಕ್ಕೇ ಮಾಡಿಟ್ಟರೆ ಮಧ್ಯಾಹ್ನ ಒಲೆ ಮುಂದೆ ನಿಲ್ಲುವ ಶಿಕ್ಷೆ ಇಲ್ಲ. ತಣ್ಣಗಾದ ಮೇಲೆ ರೊಟ್ಟಿಗೆ ಇನ್ನೂ ರುಚಿ. ಮೊದಮೊದಲು ಅದರ ಹುಳಿಗೆ ಮುಖ ಸಿಂಡರಿಸುತ್ತಿದ್ದೆ. ಈಗ ತೀರ್ಥಹಳ್ಳಿಗೆ ಹೋದರೆ ನಾಲ್ಕನೇ ದಿನಕ್ಕೇ ಪುಂಡಿ ನೆನಪಾಗುತ್ತದೆ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಗಡಿಗೆಗಳನ್ನು ಕಿತ್ತು, ತೊಳೆದು, ಒಣಗಿಸಿ, ಮೆಟ್ಟಿಲ ಕೆಳಗೆ ಬೋರಲು ಹಾಕಿಡಿ. ಪುಂಡಿಯ ಒಂದು ಗಿಡ ಮಾತ್ರ ಚಿವುಟದೆ ಬಿಡಿ. ಅದು ಹೂ ಬಿಟ್ಟು ಬೀಜ ಕಟ್ಟುವುದು ದಸರಾ ಕಳೆದ ಮೇಲೆ.